51,000 ಲೀಟರ್ ಹೊರಗೆ, 33 ಮಿಲಿಲೀಟರ್ ಒಳಗೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 7,640 ಮಿಲಿಮೀಟರ್ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಶಾಲೆ ಮಕ್ಕಳಿಗೂ ಬಾಯಿಪಾಠವಾಗಿರುವ ಈ ಅಂಕಿಯನ್ನು ಅಂಗಳದಲ್ಲಿ ನಿಂತ ಕಾರಿನ ಮೇಲೆ ಒಮ್ಮೆ ಸುರಿದು ನೋಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ನಮ್ಮ ಕಡೆ ಹೆಚ್ಚು ಓಡಾಡುವ ಸಣ್ಣ ಕಾರಿನ ಉದ್ದ 3.86 ಮೀಟರ್, ಅಗಲ 1.73 ಮೀಟರ್, ಅದು ಆಕ್ರಮಿಸುವ ಜಾಗ ಹತ್ತಿರ ಹತ್ತಿರ 6.7 ಚದರ ಮೀಟರ್. ಗುಣಿಸಿದರೆ ಆಗುಂಬೆಯಲ್ಲಿ ಬಯಲಲ್ಲಿ ನಿಂತ ಒಂದೇ ಒಂದು ಕಾರಿನ ಮೇಲೆ ವರ್ಷಕ್ಕೆ ಬೀಳುವ ನೀರು 51,000 ಲೀಟರ್. ಬೆಂಗಳೂರಿನ ಕಾರು ಇಷ್ಟು ನೆನೆಯಲು ಸುಮಾರು ಎಂಟು ವರ್ಷ ಬೇಕು.

ಇದು ಸರಾಸರಿಯ ಮಾತಾಯಿತು. 1946ರ ಆಗಸ್ಟ್ ತಿಂಗಳೊಂದರಲ್ಲೇ ಆಗುಂಬೆಯಲ್ಲಿ 4,508 ಮಿಲಿಮೀಟರ್ ಮಳೆ ದಾಖಲಾಗಿದೆ. ಆಶ್ಲೇಷ ಹೊಡೆದು ಮಘೆಗೆ ಬಿಟ್ಟುಕೊಟ್ಟ ತಿಂಗಳು ಅದು. ಆ ತಿಂಗಳು ಅಲ್ಲಿ ನಮ್ಮ ಈ ಕಾರು ನಿಂತಿದ್ದರೆ ದಿನಕ್ಕೆ 970 ಲೀಟರ್ ನೀರು ಅದರ ಮೇಲೆ ಬೀಳುತ್ತಿತ್ತು. ಕಾರಿನ ಸ್ವಂತ ತೂಕವೇ 900 ಕಿಲೋ ಆಸುಪಾಸು. ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಅದು ಪ್ರತಿದಿನ, 31 ದಿನ, ಮೈಮೇಲೆ ಹೊಯ್ಯಿಸಿಕೊಳ್ಳಬೇಕಿತ್ತು.

ಹನಿಗಳ ಲೆಕ್ಕಕ್ಕೆ ಇಳಿದರೆ ತಲೆ ತಿರುಗುತ್ತದೆ. ಎರಡು ಮಿಲಿಮೀಟರ್ ದಪ್ಪದ ಹನಿ ಎಂದಿಟ್ಟುಕೊಂಡರೂ 51,000 ಲೀಟರಿನಲ್ಲಿ 1,200 ಕೋಟಿಗೂ ಹೆಚ್ಚು ಹನಿ. ಭೂಮಿಯ ಮೇಲಿರುವ ಮನುಷ್ಯರೆಲ್ಲ ಸೇರಿದರೆ 800 ಕೋಟಿ ಚಿಲ್ಲರೆ. ಇನ್ನೊಂದು ತುದಿಯಿಂದಲೂ ಎಣಿಸಬಹುದು. ಸಾಗರದವರು ಜುಲೈ ಬಂತೆಂದರೆ ಪತ್ರಿಕೆಯಲ್ಲಿ ಮೊದಲು ನೋಡುವುದು ಲಿಂಗನಮಕ್ಕಿಯ ಮಟ್ಟ. 1,819 ಅಡಿಗೆ ಎಷ್ಟು ಬಾಕಿ ಎಂಬುದೇ ಅಂಗಡಿ ಕಟ್ಟೆಯ ಮಾತು. 1964ರಲ್ಲಿ ಮುಗಿದ ಆ ಅಣೆಕಟ್ಟು ಹಿಡಿಯುವ ನೀರು ಸುಮಾರು 151 ಟಿಎಂಸಿ. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್. ಲಿಂಗನಮಕ್ಕಿ ತುಂಬಬೇಕಾದರೆ ಎಂಟು ಕೋಟಿಗೂ ಹೆಚ್ಚು ಕಾರುಗಳನ್ನು ಆಗುಂಬೆಯಲ್ಲಿ ಒಂದು ವರ್ಷ ನಿಲ್ಲಿಸಿ, ಅವುಗಳ ಮೇಲೆ ಬಿದ್ದ ನೀರನ್ನೆಲ್ಲ ಹಿಡಿದು ತರಬೇಕು.

ಮಳೆಯ ಪಟ್ಟಿಯಲ್ಲಿ ಆಗುಂಬೆ ಒಂದೇ ಇಲ್ಲ. ಹೊಸನಗರ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆ, ಯಡೂರು, ಮಾಣಿ ಎಂಬ ಹೆಸರುಗಳು ದಿನಾ ಪತ್ರಿಕೆಯಲ್ಲಿ ಅದರ ಜೊತೆಗೇ ಬರುತ್ತವೆ. ಕೆಲವು ವರ್ಷ ಹುಲಿಕಲ್ಲೇ ಮುಂದಿರುತ್ತದೆ. ಈ ಮೂರು ತಾಲ್ಲೂಕಿನಲ್ಲಿ ಈಗ ತೋಟದ ಮನೆಗಳಿಗೂ ಕಾರು ಬಂದಿದೆ. ಬಸ್ಸಿನ ದಾರಿಯಿಂದ ಎರಡು ಮೂರು ಕಿಲೋಮೀಟರ್ ಒಳಗಿರುವ ಮನೆಗೆ ಅದು ಶೋಕಿಯ ವಸ್ತುವಲ್ಲ; ರಾತ್ರಿ ಆಸ್ಪತ್ರೆಗೆ ಹೋಗುವ ದಾರಿಯೇ ಅದು. ಆದ್ದರಿಂದ ಮಳೆಗಾಲದಲ್ಲಿ ಅದನ್ನು ಕಾಯುವ ಕೆಲಸವನ್ನು ನಾನು ಹಗುರವಾಗಿ ನೋಡಲಾರೆ. ಲೆಕ್ಕ ಹಾಕುತ್ತ ಹೋದಂತೆ ನನಗೆ ಅತಿ ದೊಡ್ಡ ಅಚ್ಚರಿ ಕೊಟ್ಟಿದ್ದು ಈ 51,000 ಲೀಟರ್ ಅಲ್ಲ. ಅಷ್ಟು ನೀರನ್ನು ಕಾರು ತಡೆದುಕೊಳ್ಳುತ್ತದೆ. ಅದನ್ನು ಕೊಲ್ಲುವುದು ಚಮಚದಲ್ಲಿ ಅಳೆಯುವಷ್ಟು ನೀರು.

ಬಣ್ಣದಿಂದ ಶುರುಮಾಡುವೆ. ಕಾರಿನ ಮೈಮೇಲಿರುವ ಬಣ್ಣದ ಎಲ್ಲ ಪದರ ಸೇರಿದರೂ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದರಡಿಯ ತಗಡು ಮುಕ್ಕಾಲು ಮಿಲಿಮೀಟರ್ ಇದ್ದರೆ ಹೆಚ್ಚು. ವರ್ಷವಿಡೀ ಬಿದ್ದ ಮಳೆ ಹರಿಯದೆ ನಿಂತಿದ್ದರೆ ಒಂದರ ಮೇಲೊಂದು ಪೇರಿಸಿದ ಐದು ಕಾರು ಮುಳುಗುತ್ತಿದ್ದವು. ಅಷ್ಟು ಎತ್ತರದ ನೀರಿಗೂ ಕಬ್ಬಿಣಕ್ಕೂ ನಡುವೆ ಇರುವುದು ಅದರ 76,000ದ ಒಂದು ಪಾಲಿನ ಪರದೆ. ಒಂದು ಜಲ್ಲಿಕಲ್ಲು ಸಿಡಿದು ಬಣ್ಣ ಎದ್ದರೆ ಸಾಕು. ಗಾಳಿಯ ತೇವ ಶೇಕಡಾ 60 ದಾಟಿತೆಂದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ. ನಮ್ಮಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದು ಕೂತಾಗ ವಾರಗಟ್ಟಲೆ ಅದು 90ರ ಕೆಳಗೆ ಇಳಿಯುವುದೇ ಇಲ್ಲ. ಹಾಗಾಗಿ ಮೇಲಿನಿಂದ ಸುರಿದು ಹರಿದುಹೋಗುವ ನೀರಿಗಿಂತ ಹೋಗದೆ ಉಳಿದ ನೀರು ಅಪಾಯ. ಪ್ರತಿ ಬಾಗಿಲಿನ ಅಡಿಯಂಚಿನಲ್ಲಿ ನೀರು ಬಸಿಯಲು ಸಣ್ಣ ತೂತುಗಳಿವೆ. ಕೆಸರು ಕೂತು ಅವು ಕಟ್ಟಿದರೆ ಬಾಗಿಲಿನ ಹೊಟ್ಟೆಯಲ್ಲಿ ನೀರು ನಿಂತು ಒಳಗಿನಿಂದಲೇ ತಗಡನ್ನು ತಿನ್ನುತ್ತದೆ. ಮುಂದಿನ ಗಾಜಿನ ಬುಡದ ಜಾಲರಿಯಲ್ಲಿ ದರಕು ತುಂಬಿದರೆ ಅದೇ ನೀರು ಕಾಲಡಿಯ ಮ್ಯಾಟಿನ ಕೆಳಗೆ ಬರುತ್ತದೆ, ಸೀಟಿಗೆ ಬೂಷ್ಟು ಹತ್ತುತ್ತದೆ. ಹಲಸಿನ ಮರದಡಿ ನಿಲ್ಲಿಸುವವರು ಮಳೆ ಬಿಟ್ಟಾಗಲೆಲ್ಲ ಆ ಜಾಲರಿಗೆ ಕೈ ಹಾಕಿ ನೋಡಬೇಕು. ಗಾಡಿಗೆ ಪ್ಲಾಸ್ಟಿಕ್ ಹೊದಿಕೆ ಬಿಗಿಯುವುದು ಒಳ್ಳೆಯದಲ್ಲ, ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ. ನಾಲ್ಕು ಕಂಬ, ಮೇಲೆ ತಗಡು, ಸುತ್ತ ಗಾಳಿ ಆಡುವ ಮಾಡು ಅದಕ್ಕಿಂತ ಎಷ್ಟೋ ಮೇಲು.

ಕೊಟ್ಟಿಗೆಯ ಪಕ್ಕ ಮಾತ್ರ ಆ ಮಾಡು ಬೇಡ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಮ್ಮಷ್ಟಕ್ಕೇ ಬಿರುಕು ಬಿಡುತ್ತಿದ್ದವು. ಅವನ್ನು ಇಟ್ಟಿದ್ದು ಕುದುರೆ ಲಾಯಗಳಲ್ಲಿ; ಗಂಜಲದಿಂದ ಏಳುವ ಅಮೋನಿಯ ಮತ್ತು ತೇವ ಸೇರಿ ಹಿತ್ತಾಳೆಯನ್ನು ಸೀಳುತ್ತಿತ್ತು ಎಂಬ ಪೂರ್ತಿ ವಿವರಣೆ ಸಿಕ್ಕಿದ್ದು 1921ರಲ್ಲಿ. ಕಾರಿನ ವೈರಿಂಗಿನಲ್ಲೂ ತಾಮ್ರ ಹಿತ್ತಾಳೆಯ ತುದಿಗಳು ಬಹಳ ಇವೆ. ಅಡಿಕೆ ಬೆಳೆಗಾರರಿಗೆ ಇನ್ನೊಂದು ಮಾತು: ಕೊಳೆಗೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತದ ಚೀಲವನ್ನು ಡಿಕ್ಕಿಯಲ್ಲಿ ಹಾಕಿ ತರುವುದು ಎಲ್ಲರ ರೂಢಿ. ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಹೋಗುವುದು ಒಂದು ಕಿಲೋ ಮೈಲುತುತ್ತ. ಅದರಿಂದ ಒಂದು ಹಿಡಿ ಚೆಲ್ಲಿ ಒದ್ದೆಯಾದರೂ ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುತ್ತದೆ, ಅಲ್ಲಿಂದ ತುಕ್ಕು ಹಬ್ಬುತ್ತದೆ. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು ತನ್ನಿ.

ನಮ್ಮ ಊರುಗಳ ಎಷ್ಟೋ ಮಕ್ಕಳು ಈಗ ಕೆನಡಾದಲ್ಲೋ ಮಿನ್ನೆಸೋಟದಲ್ಲೋ ಇದ್ದಾರೆ. ಅಲ್ಲಿ ಚಳಿಗಾಲದ ರಾತ್ರಿ ಎಂಜಿನ್ನಿಗೆ ಕರೆಂಟಿನ ಹೀಟರ್ ಸಿಕ್ಕಿಸಿಡುವವರಿದ್ದಾರೆ, ಬೆಳಗ್ಗೆ ಸ್ಟಾರ್ಟ್ ಆಗಲಿ ಎಂದು. ಆದರೆ ಅಲ್ಲೂ ಕಾರಿನ ಆಯಸ್ಸು ತಿನ್ನುವುದು ಬರೀ ಚಳಿಯಲ್ಲ, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಮತ್ತು ಅದರಿಂದ ಹಿಡಿಯುವ ತುಕ್ಕು. ಆ ದೇಶಗಳ ಅಂಕಿಗಳು ನಮ್ಮ ಗ್ಯಾರೇಜಿನವರೆಗೂ ಬಂದಿವೆ. ಕೆಲವು ಬ್ಯಾಟರಿಗಳ ಮೇಲೆ ಅಚ್ಚಾಗಿರುವ ಸಿಸಿಎ ಎಂಬ ಸಂಖ್ಯೆ ಮೈನಸ್ 18 ಡಿಗ್ರಿ ಚಳಿಯಲ್ಲಿ ಅದು 30 ಸೆಕೆಂಡ್ ಎಷ್ಟು ಕರೆಂಟು ಕೊಟ್ಟೀತು ಎಂಬುದರ ಅಳತೆ. ಅರ್ಧ ನೀರು ಅರ್ಧ ಕೂಲೆಂಟ್ ಬೆರೆಸಿದರೆ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಹೊಸನಗರದಲ್ಲಿ ಹಿಮ ಬೀಳುವುದಿಲ್ಲವಲ್ಲ, ಬಾವಿ ನೀರೇ ಸಾಕು ಎಂದು ರೇಡಿಯೇಟರಿಗೆ ನೀರು ಹೊಯ್ಯುವವರನ್ನು ಈಗಲೂ ಕಾಣುತ್ತೇವೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ಔಷಧವೂ ಇರುತ್ತದೆ, ನಮಗೆ ಬೇಕಾದದ್ದು ಅದು.

ಘಟ್ಟದ ಕಡೆ ಹೋಗೋಣ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವುಗಳಲ್ಲಿ ರಸ್ತೆ ಸುಮಾರು ಅರ್ಧ ಕಿಲೋಮೀಟರ್ ಕೆಳಗಿಳಿಯುತ್ತದೆ. ನಾಲ್ಕು ಜನ, ಸಾಮಾನು ಸೇರಿ 1,200 ಕಿಲೋ ತೂಗುವ ಕಾರು ಅಷ್ಟು ಎತ್ತರದಿಂದ ಇಳಿಯುವಾಗ ಕಳೆದುಕೊಳ್ಳುವ ಶಕ್ತಿ ಎಲ್ಲಾದರೂ ಹೋಗಲೇಬೇಕು. ಬರೀ ಬ್ರೇಕಿನಲ್ಲೇ ಇಳಿಸಿದರೆ ಅದೆಲ್ಲ ಬ್ರೇಕಿನ ಬಿಸಿಯಾಗುತ್ತದೆ: 18 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಲ್ಲಷ್ಟು ಬಿಸಿ. ಇಲ್ಲೇ ಆ ಚಮಚದ ನೀರು ಬರುತ್ತದೆ. ನಾವು ಬ್ರೇಕ್ ಆಯಿಲ್ ಎನ್ನುವ ದ್ರವ ಗಾಳಿಯ ತೇವವನ್ನು ತಾನಾಗಿ ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 155 ಡಿಗ್ರಿ. ಅರ್ಧ ಲೀಟರ್ ದ್ರವಕ್ಕೆ 18 ಮಿಲಿಲೀಟರ್ ನೀರು, 75 ಡಿಗ್ರಿ ನಷ್ಟ. ದ್ರವ ಕುದಿದು ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಹುಲಿಕಲ್ ಘಾಟಿಯಿರಲಿ, ಆಗುಂಬೆಯಿರಲಿ, ಹತ್ತುವಾಗಿನ ಗೇರಿನಲ್ಲೇ ಇಳಿಯಿರಿ. ಮಳೆಗೆ ಎರಡು ಮೂರು ದಿನ ಗಾಡಿ ತೆಗೆಯದೆ ಇರುವುದಾದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಒಳಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಒಳಗೆ ಕೂತವರೂ ನೀರೇ. ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದರೂ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಉಸಿರು ಮತ್ತು ಚರ್ಮದಿಂದ ಬಿಡುತ್ತಾನೆ. ನಾಲ್ಕು ಜನರಿಂದ 160. ಗಾಜು ಪೂರ್ತಿ ಮಬ್ಬಾಗಲು ಹತ್ತು ಗ್ರಾಂ ಧಾರಾಳ. ಚಳಿಯಾದರೂ ಎಸಿ ಹಾಕಿ, ಹೊರಗಿನ ಗಾಳಿ ಬರುವಂತೆ ಬಿಡಿ, ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ. ಹೊರಗೆ ವೈಪರ್ ನಿಮಿಷಕ್ಕೆ 60 ಬಾರಿ ಹೋಗಿ ಬರುತ್ತದೆ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಜಡಿಮಳೆಯಲ್ಲಿ ಎರಡು ತಾಸು ಹಿಡಿದರೆ ಅದರ ತುದಿ ಗಾಜಿನ ಮೇಲೆಯೇ 12 ಕಿಲೋಮೀಟರ್ ನಡೆದಿರುತ್ತದೆ. ರಬ್ಬರು ಪ್ರತಿ ಮಳೆಗಾಲದ ಮುಂಚೆ ಹೊಸದಿರಲಿ. ಟೈರಿನ ಲೆಕ್ಕ ಇನ್ನೂ ಸರಳ: ಮೂರು ಮಿಲಿಮೀಟರ್ ನೀರು ನಿಂತ ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುವಾಗ ಮುಂದಿನ ಒಂದೊಂದು ಟೈರೂ ಸೆಕೆಂಡಿಗೆ ಎಂಟು ಲೀಟರ್ ನೀರನ್ನು ಬದಿಗೆ ತಳ್ಳಬೇಕು. ಸವೆದ ಟೈರಿಗೆ ಅದು ಆಗದು, ಗಾಡಿ ನೀರಿನ ಮೇಲೆ ಜಾರುತ್ತದೆ.

ಇನ್ನು ಶೀರ್ಷಿಕೆಯ 33 ಮಿಲಿಲೀಟರ್. 1,200 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೆ 300 ಸಿಸಿ. ಪಿಸ್ಟನ್ ಗಾಳಿಯನ್ನು ಹತ್ತನೇ ಒಂದಕ್ಕೆ ಒತ್ತುತ್ತದೆ ಎಂದುಕೊಂಡರೆ, ಅದು ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ 33 ಮಿಲಿಲೀಟರ್. ಡೀಸೆಲ್ ಎಂಜಿನ್ನಿನಲ್ಲಿ ಇನ್ನೂ ಕಡಿಮೆ, 20ರ ಸುತ್ತ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಎರಡು ಊಟದ ಚಮಚಕ್ಕಿಂತ ಸ್ವಲ್ಪ ಹೆಚ್ಚು ನೀರು ಆ ಜಾಗಕ್ಕೆ ಸೇರಿದರೆ ಪಿಸ್ಟನ್ನಿಗೆ ಮೇಲೆ ಹೋಗಲು ಎಡೆಯಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿದು ಎಂಜಿನ್ ಬ್ಲಾಕನ್ನೇ ಒಡೆಯುತ್ತದೆ. 2,000 ಸುತ್ತಿನ ವೇಗದಲ್ಲಿ ಈ ಎಂಜಿನ್ ಸೆಕೆಂಡಿಗೆ 20 ಲೀಟರ್‌ವರೆಗೆ ಗಾಳಿ ಎಳೆಯಬಲ್ಲದು. ಗಾಳಿ ಎಳೆಯುವ ಬಾಯಿ ನೀರಲ್ಲಿ ಮುಳುಗಿದರೆ 33 ಮಿಲಿಲೀಟರ್ ಒಳಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. 1,200 ಕೋಟಿ ಹನಿ ಹೊರಗೆ ಬಿದ್ದರೂ ಏನೂ ಆಗದ ಯಂತ್ರ ಎಂಟು ಸಾವಿರ ಹನಿಗೆ ಮುರಿಯುತ್ತದೆ. ನೀರಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಕೀ ತಿರುಗಿಸಬೇಡಿ, ತಳ್ಳಿಸಿ ಹೊರತಂದು ಗ್ಯಾರೇಜಿಗೆ ಎಳೆಸಿ. ಸಾಮಾನ್ಯ ವಿಮೆಯಲ್ಲಿ ಹೀಗೆ ಮುರಿದ ಎಂಜಿನ್ನಿಗೆ ದುಡ್ಡು ಬರದಿರುವುದೇ ಹೆಚ್ಚು; ಎಂಜಿನ್ ರಕ್ಷಣೆಯ ಭಾಗವನ್ನು ಬೇರೆಯಾಗಿ ಸೇರಿಸಬೇಕು. ಮಲೆನಾಡಿನವರು ಅದನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಯ ಲೆಕ್ಕ ಜೀವದ್ದು. ಇಬ್ಬರು ಕೂತ ಸಣ್ಣ ಕಾರಿನ ತೂಕ ಸುಮಾರು 1,030 ಕಿಲೋ, ಅದರ ತಳದ ವಿಸ್ತಾರ ಐದೂವರೆ ಚದರ ಮೀಟರಿನ ಹತ್ತಿರ, ನೆಲದಿಂದ ತಳದ ಎತ್ತರ 16 ಸೆಂಟಿಮೀಟರ್. ಆರ್ಕಿಮಿಡೀಸನ ನಿಯಮ ಹಾಕಿದರೆ ನೀರು 14 ಇಂಚು ಏರುವಷ್ಟರಲ್ಲಿ ಕಾರು ತೇಲುತ್ತದೆ. ಅಲ್ಲಿಯವರೆಗೂ ಹೋಗಬೇಕಿಲ್ಲ. ಒಂದಡಿ ನೀರಿದ್ದಾಗಲೇ ಚಕ್ರಗಳ ಮೇಲೆ ಉಳಿಯುವ ತೂಕ 200 ಕಿಲೋ ಚಿಲ್ಲರೆ. ಹಳ್ಳದ ನೀರು ಸೆಕೆಂಡಿಗೆ ಎರಡು ಮೀಟರ್ ಹರಿಯುತ್ತಿದ್ದರೆ ಕಾರಿನ ಮಗ್ಗುಲಿಗೆ ಬೀಳುವ ಒತ್ತಡ 200 ಕಿಲೋ ತೂಕಕ್ಕೆ ಸಮ. ಹರಿವು ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ ಒದ್ದೆ ಟೈರಿಗೆ ಅಷ್ಟನ್ನು ತಡೆಯುವ ಹಿಡಿತವಿಲ್ಲ. ಚಾಲಕ ಎಷ್ಟು ಪಳಗಿದವನಾದರೂ ಈ ಲೆಕ್ಕ ಬದಲಾಗುವುದಿಲ್ಲ, ದಿನಾ ಓಡಾಡುವ ದಾರಿಯಾದರೂ ಬದಲಾಗುವುದಿಲ್ಲ. ಕಿರುಸೇತುವೆಯ ಮೇಲೆ ನೀರು ಹತ್ತಿದ್ದು ಕಂಡರೆ ದಯವಿಟ್ಟು ಗಾಡಿ ತಿರುಗಿಸಿ. ಸುತ್ತಿನ ದಾರಿ ಹಿಡಿಯಿರಿ, ಇಲ್ಲದಿದ್ದರೆ ಈಚೆ ದಡದಲ್ಲಿ ಯಾರ ಮನೆಯಲ್ಲಾದರೂ ರಾತ್ರಿ ಕಳೆಯಿರಿ. ನಮ್ಮ ಊರುಗಳಲ್ಲಿ ಮಳೆಗೆ ಸಿಕ್ಕಿಬಿದ್ದವರಿಗೆ ಬಾಗಿಲು ತೆರೆಯದ ಮನೆಯಿಲ್ಲ.