ಸೈನಿಕನ ಸೊಂಟದ ಸಂಚಿ: ಪ್ರಥಮ ಚಿಕಿತ್ಸೆಯ ಚೀಲ ಹೇಗಿರಬೇಕು?



ಸವಣೂರಿನ ವೀಳ್ಯದೆಲೆ ಹೆಸರಾದುದು. ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರ ತಾಲ್ಲೂಕುಗಳ ಹಳ್ಳಿಗಳಲ್ಲಿ ಸೊಂಟಕ್ಕೆ ಎಲೆ-ಅಡಿಕೆಯ ಸಂಚಿ ಸಿಕ್ಕಿಸಿಕೊಂಡ ಅಜ್ಜಂದಿರನ್ನು ನೀವು ನೋಡಿರಬಹುದು. ಕರೆಂಟು ಹೋಗಿ ಕತ್ತಲಾದರೂ ಅಜ್ಜನ ಕೈ ತಪ್ಪುವುದಿಲ್ಲ. ಒಂದು ಅರೆಯಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ. ದಾರ ಎಳೆದರೆ ಬಾಯಿ ಮುಚ್ಚುತ್ತದೆ; ಎರಡು ಬೆರಳು ತೂರಿಸಿದರೆ ತೆರೆಯುತ್ತದೆ. ಸೈನಿಕ ತನ್ನ ಮೈಮೇಲೆ ಹೊರುವ ಪ್ರಥಮ ಚಿಕಿತ್ಸೆಯ ಚೀಲವೂ ಇದೇ ನಿಯಮಗಳನ್ನು ಪಾಲಿಸಬೇಕು. ವ್ಯತ್ಯಾಸ ಒಂದೇ: ಇಲ್ಲಿ ತಡವಾದರೆ ಪ್ರಾಣ ಹೋಗುತ್ತದೆ.

ಏಕೆ ಇಷ್ಟು ಅವಸರ?

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ತೊಡೆಯ ದೊಡ್ಡ ಅಪಧಮನಿ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಸಾವು ಬರಬಹುದು. 2001ರಿಂದ 2011ರವರೆಗೆ ಯುದ್ಧದಲ್ಲಿ ಗಾಯಗೊಂಡು ಸತ್ತ 4,596 ಅಮೆರಿಕನ್ ಸೈನಿಕರ ವಿವರಗಳನ್ನು ಅಲ್ಲಿನ ವೈದ್ಯರು ಪರಿಶೀಲಿಸಿದರು. ಅವರಲ್ಲಿ ಶೇ. 87ರಷ್ಟು ಮಂದಿ ಆಸ್ಪತ್ರೆ ತಲುಪುವ ಮೊದಲೇ ಸತ್ತಿದ್ದರು. ಹಾಗೆ ಸತ್ತವರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿಯ ಗಾಯಗಳು ಬದುಕಿ ಉಳಿಯಬಹುದಾದಂಥವು. ಆ ಕಾಲು ಭಾಗದಲ್ಲಿ ಹತ್ತರಲ್ಲಿ ಒಂಬತ್ತು ಸಾವುಗಳಿಗೆ ಕಾರಣ ರಕ್ತಸ್ರಾವ. ಅಂದರೆ ವೈದ್ಯರು ಬರುವ ಮುನ್ನ, ಪಕ್ಕದಲ್ಲಿದ್ದ ಗೆಳೆಯನ ಕೈಯಲ್ಲೇ ಎಷ್ಟೋ ಜೀವಗಳು ನಿಂತಿರುತ್ತವೆ.

ವೀರಗಲ್ಲಿನಿಂದ ಜೇಬಿನವರೆಗೆ

1196ರಲ್ಲಿ ಹೊಯ್ಸಳ ವೀರಬಲ್ಲಾಳನು ಹಾನಗಲ್ಲಿಗೆ ಮುತ್ತಿಗೆ ಹಾಕಿದ್ದನು. ಅಲ್ಲಿನ ತಾರಕೇಶ್ವರ ದೇವಾಲಯದ ಆವರಣದಲ್ಲಿ ಇಂದಿಗೂ ವೀರಗಲ್ಲು ಇದೆ. ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಎಲ್ಲಕ್ಕೂ ಮೇಲೆ ಶಿವಸನ್ನಿಧಿ. ಗಾಯಕ್ಕೆ ಬಟ್ಟೆ ಕಟ್ಟುವವರು ಅಲ್ಲಿ ಕಾಣಸಿಗುವುದು ಅಪರೂಪ. ಬಿದ್ದವನಿಗೆ ಸ್ವರ್ಗವೇ ದಾರಿ ಎಂಬ ಕಾಲ ಅದು.

ಈ ಎಣಿಕೆ ಬದಲಾಗಲು ಬಹುಕಾಲ ಹಿಡಿಯಿತು. 1869ರಲ್ಲಿ ಜರ್ಮನಿಯ ಸೇನಾ ಶಸ್ತ್ರವೈದ್ಯ ಫ್ರೆಡರಿಕ್ ಎಸ್ಮಾರ್ಕ್, ರಣರಂಗದಲ್ಲಿ ಕಟ್ಟುವ ಮೊದಲ ಪಟ್ಟಿಯ ಬಗ್ಗೆ ಪುಸ್ತಕ ಬರೆದನು. ಅವನು ಬಳಕೆಗೆ ತಂದ ಮುಕ್ಕೋನ ಬಟ್ಟೆಯ ಮೇಲೆ ಅದನ್ನು ಕಟ್ಟುವ ವಿಧಾನವನ್ನೇ ಚಿತ್ರವಾಗಿ ಅಚ್ಚು ಹಾಕಿಸಿದ್ದನು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಅಂಗಿಯ ಒಳಗೆ ಪಟ್ಟಿ ಇಡಲೆಂದೇ ಒಂದು ಜೇಬು ಹೊಲಿದಿರುತ್ತಿತ್ತು. ಯಾರ ಅಂಗಿಯಾದರೂ ಜೇಬು ಅದೇ ಜಾಗದಲ್ಲಿ. ಹೀಗಾಗಿ ಹುಡುಕುವ ಕೆಲಸವೇ ಉಳಿಯಲಿಲ್ಲ.

ಚೀಲವನ್ನು ಆರಿಸುವ ಬಗೆ

ಮೊದಲನೆಯದು ಜಾಗ. ಗಾಯಾಳುವಿಗೆ ಅವನ ಚೀಲದ ಸಾಮಗ್ರಿಯನ್ನೇ ಬಳಸಬೇಕೆಂಬುದು ಸೈನ್ಯಗಳ ರೂಢಿ. ಕಾಪಾಡಲು ಬಂದವನು ತನ್ನದನ್ನು ಖರ್ಚು ಮಾಡಿದರೆ, ಮುಂದಿನ ಗುಂಡು ಅವನಿಗೇ ತಗುಲಿದಾಗ ಚೀಲ ಬರಿದಾಗಿರುತ್ತದೆ. ಆದ್ದರಿಂದ ತುಕಡಿಯ ಎಲ್ಲರ ಚೀಲವೂ ಒಂದೇ ಜಾಗದಲ್ಲಿರಬೇಕು; ಗುರುತೂ ಇರಬೇಕು. ಬಲಗೈಗೆ ಪೆಟ್ಟಾದರೆ ಎಡಗೈಗೆ, ಎಡಗೈಗೆ ಪೆಟ್ಟಾದರೆ ಬಲಗೈಗೆ ಅದು ಎಟುಕಬೇಕು. ಹೊಟ್ಟೆಯ ಮುಂದೆ ಕಟ್ಟಿದರೆ ಬೋರಲು ಮಲಗಿದಾಗ ಅಡಿಗೆ ಸಿಕ್ಕುತ್ತದೆ. ಬೆನ್ನ ನಡುವೆ ಕಟ್ಟಿದರೆ ಸ್ವಂತ ಕೈಗೇ ನಿಲುಕದು.

ಎರಡನೆಯದು ಬಾಯಿ. ಒಂದೇ ಕೈಯಿಂದ, ಅದೂ ರಕ್ತದಿಂದ ಜಾರುವ ಕೈಯಿಂದ ತೆರೆಯುವಂತಿರಬೇಕು. ಜಿಪ್ಪಿನಲ್ಲಿ ಮಣ್ಣು ತುಂಬಿದರೆ ಅದು ಸಿಕ್ಕಿಕೊಳ್ಳುತ್ತದೆ. ವೆಲ್ಕ್ರೋ ಬೇಗ ಬಿಚ್ಚುತ್ತದೆ, ಆದರೆ ಕೆಸರು ಮೆತ್ತಿದರೆ ಹಿಡಿಯುವುದಿಲ್ಲ. ಇರುಳಿನಲ್ಲಿ ಚರ್ರೆಂದು ಸದ್ದೂ ಮಾಡುತ್ತದೆ. ಯಾವುದೂ ಪೂರ್ಣವಲ್ಲ. ಜಿಪ್ಪಿನ ತುದಿಗೆ ದಪ್ಪ ದಾರದ ಕುಣಿಕೆ ಕಟ್ಟಿಕೊಳ್ಳುವುದು ಸುಲಭದ ಉಪಾಯ. ಬೆಲ್ಟಿಗೆ ಅಂಟಿದ ತಳದಿಂದ ಇಡೀ ಚೀಲವೇ ಕಿತ್ತು ಕೈಗೆ ಬರುವಂತಿದ್ದರೆ ಇನ್ನೂ ಒಳ್ಳೆಯದು.

ಮೂರನೆಯದು ಒಳಗಿನ ಅರೆಗಳು. ಚೀಲ ಪುಸ್ತಕದಂತೆ ಬಿಚ್ಚಿಕೊಂಡು, ಎಲ್ಲ ಸಾಮಗ್ರಿಯೂ ಒಮ್ಮೆಗೇ ಕಾಣಬೇಕು. ಮೊದಲು ಬೇಕಾದುದು ಮೊದಲು ಕೈಗೆ ಸಿಗಬೇಕು. ಕೈಕಾಲಿನ ರಕ್ತ ತಡೆಯುವ ಬಿಗಿಪಟ್ಟಿ, ಅಂದರೆ ಟೂರ್ನಿಕೆಟ್, ಎಲ್ಲಕ್ಕಿಂತ ಹೊರಗೆ. ಆಮೇಲೆ ಗಾಯಕ್ಕೆ ತುರುಕುವ ಗಾಜ್ ಬಟ್ಟೆ, ಒತ್ತಿ ಕಟ್ಟುವ ಬ್ಯಾಂಡೇಜು, ಎದೆಯ ಗಾಯ ಮುಚ್ಚುವ ಅಂಟುಹಾಳೆ, ಕೈಗವಸು, ಕತ್ತರಿ.

ನಾಲ್ಕನೆಯದು ಅಳತೆ. ದೊಡ್ಡ ಚೀಲ ಕೊಂಡರೆ ಬಿಸ್ಕತ್ತು, ಬ್ಯಾಟರಿ, ತಲೆನೋವಿನ ಮಾತ್ರೆಗಳೆಲ್ಲ ಅದರಲ್ಲಿ ಸೇರುತ್ತವೆ. ಬೇಕಾದುದು ಅಡಿಗೆ ಹೋಗುತ್ತದೆ. ಆದ್ದರಿಂದ ಮೊದಲು ಸಾಮಗ್ರಿ ನಿಶ್ಚಯಿಸಿ, ಅನಂತರ ಅದಕ್ಕೆ ತಕ್ಕ ಚೀಲ ಆರಿಸಬೇಕು.

ನಮ್ಮ ಊರಿಗೆ ಇದರಿಂದೇನು?

ಶಿಗ್ಗಾಂವಿ ತಾಲ್ಲೂಕನ್ನು ಹಾಯ್ದು ಪುಣೆ-ಬೆಂಗಳೂರು ಹೆದ್ದಾರಿ ಹೋಗುತ್ತದೆ. ಹೊಲಗಳಲ್ಲಿ ಟ್ರ್ಯಾಕ್ಟರು, ಒಕ್ಕುವ ಯಂತ್ರ, ಕುಡುಗೋಲುಗಳಿವೆ. ರಕ್ತ ಹರಿಯಲು ಯುದ್ಧವೇ ಆಗಬೇಕಾಗಿಲ್ಲ. ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯುವುದು ಮೊದಲ ಕೆಲಸ. ಜೊತೆಯಲ್ಲಿದ್ದವರು 108ಕ್ಕೆ ಫೋನು ಮಾಡಲಿ. ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಮಾತ್ರ ಬಿಗಿಪಟ್ಟಿ. ಅದನ್ನು ಗಾಯಕ್ಕಿಂತ ಎರಡು-ಮೂರು ಅಂಗುಲ ಮೇಲೆ, ಕೀಲನ್ನು ಬಿಟ್ಟು, ರಕ್ತ ನಿಲ್ಲುವವರೆಗೆ ಬಿಗಿಯಬೇಕು. ಬಿಗಿದ ಹೊತ್ತನ್ನು ಬರೆದಿಡಬೇಕು. ನಡುವೆ ಸಡಿಲಿಸಬಾರದು. ಹಾವು ಕಚ್ಚಿದಾಗ ಮಾತ್ರ ಹೀಗೆ ಬಿಗಿಯುವುದು ತಪ್ಪು. ಅದರಿಂದ ಕೈಕಾಲೇ ಹೋಗಬಹುದು.

ಎನ್‌ಸಿಸಿ ಸೇರಿದವರು ಒಂದು ಪರೀಕ್ಷೆ ಮಾಡಿ ನೋಡಿ. ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಿ. ಒಂದೇ ಕೈಯಿಂದ ಬ್ಯಾಂಡೇಜು ಹೊರತೆಗೆಯಿರಿ. ಗೆಳೆಯರು ಗಡಿಯಾರ ನೋಡಲಿ. ಅರ್ಧ ನಿಮಿಷ ಮೀರಿದರೆ ಪೆಟ್ಟಿಗೆಯನ್ನು ಮತ್ತೆ ಜೋಡಿಸಿ. ಅದಕ್ಕೆ ಬೀಗ ಹಾಕಿ, ಬೀಗದ ಕೈ ಬೇರೆಲ್ಲೋ ಇಟ್ಟಿದ್ದರೆ ಗುರುಗಳಿಗೆ ಹೇಳಿ ಇಂದೇ ಆ ಬೀಗ ತೆಗೆಸಿ. ಅಜ್ಜನ ಸಂಚಿಗೆ ಬೀಗವಿಲ್ಲ. ಜೀವ ಉಳಿಸುವ ಚೀಲಕ್ಕೂ ಇರಕೂಡದು.