ಹೊರಗೆ ಇಂಗ್ಲಿಷ್, ಒಳಗೆ ಕನ್ನಡ

ಚಿಂತಾಕಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿಯ ಬೀಗತನ ರಾಜ್ಯದ ಗಡಿ ನೋಡುವುದಿಲ್ಲ. ಹೆಣ್ಣು ಉದಗೀರದ ಕಡೆಯವಳಾದರೆ ಲಗ್ನಪತ್ರಿಕೆಯಲ್ಲಿ ಮರಾಠಿ ಬೇಕು, ನಾರಾಯಣಖೇಡದವಳಾದರೆ ತೆಲುಗು. ಉರುಸಿನ ಪೋಸ್ಟರಿಗೆ ಉರ್ದು, ಜಾತ್ರೆಯ ಕರಪತ್ರಕ್ಕೆ ಕನ್ನಡ. ಅಚ್ಚುಮೊಳೆಯ ಕಾಲದಲ್ಲಿ ಒಂದೊಂದು ಲಿಪಿಗೂ ಬೇರೆ ಮೊಳೆ, ಅದನ್ನು ಜೋಡಿಸಬಲ್ಲ ಬೇರೆ ಕಂಪೋಸಿಟರ್ ಬೇಕಾಗುತ್ತಿತ್ತು. ಉರ್ದುವಿನ ನಸ್ತಾಲೀಖ್ ಶೈಲಿಯಂತೂ ಮೊಳೆಗೆ ಒಗ್ಗಲೇ ಇಲ್ಲ. ಕಾತಿಬರು ಕೈಯಲ್ಲಿ ಬರೆದದ್ದನ್ನೇ ಅಚ್ಚಿಗೆ ಇಳಿಸುತ್ತಿದ್ದರು.

ಇಷ್ಟೂ ಲಿಪಿಗಳನ್ನು ಒಂದೇ ಮೇಜಿಗೆ ತಂದದ್ದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಡೆಸ್ಕ್‌ಟಾಪ್ ಪಬ್ಲಿಷಿಂಗ್. ಅದಕ್ಕೆ ದಾರಿ ಮಾಡಿಕೊಟ್ಟ ಯಂತ್ರ ಆ್ಯಪಲ್ ಕಂಪನಿಯ ಮ್ಯಾಕಿಂಟಾಷ್.

1984ರಲ್ಲಿ ಬಂದ ಮೊದಲ ಮ್ಯಾಕಿಂಟಾಷ್ ಪುಟ್ಟ ಕಪ್ಪುಬಿಳುಪು ಪರದೆಯ ಪೆಟ್ಟಿಗೆ. ಅದಕ್ಕೆ ಮುದ್ರಣಾಲಯದ ಬಾಗಿಲು ತೆರೆದದ್ದು ಮರುವರ್ಷ. 1985ರಲ್ಲಿ ಆ್ಯಪಲ್‌ನ ಲೇಸರ್‌ರೈಟರ್ ಪ್ರಿಂಟರ್, ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆ, ಆಲ್ಡಸ್ ಕಂಪನಿಯ ಪುಟಜೋಡಣೆಯ ತಂತ್ರಾಂಶ ಪೇಜ್‌ಮೇಕರ್ ಮೂರೂ ಕೂಡಿದವು. ಪ್ರಿಂಟರಿನ ಬೆಲೆ 6,995 ಡಾಲರ್. ಅದರೊಳಗಿನ ಪ್ರೊಸೆಸರ್ ತನ್ನನ್ನು ನಡೆಸುವ ಕಂಪ್ಯೂಟರಿನದಕ್ಕಿಂತ ಚುರುಕಾಗಿತ್ತು. ಅಕ್ಷರವನ್ನು ಚುಕ್ಕಿಗಳ ರಾಶಿಯಾಗಿ ಕಳಿಸದೆ ಗೆರೆ–ತಿರುವುಗಳ ಲೆಕ್ಕವಾಗಿ ಕಳಿಸುವುದು ಪೋಸ್ಟ್‌ಸ್ಕ್ರಿಪ್ಟ್‌ನ ಮರ್ಮ. ಹಾಗಾಗಿ ಅದೇ ಪುಟವನ್ನು ಕಚೇರಿಯ ಪ್ರಿಂಟರಿನಲ್ಲೂ ಮುದ್ರಣಾಲಯದ ಇಮೇಜ್‌ಸೆಟ್ಟರಿನಲ್ಲೂ, ಆಯಾ ಯಂತ್ರದ ಪೂರ್ಣ ನುಣುಪಿನಲ್ಲಿ ತೆಗೆಯಬಹುದಾಯಿತು.

ಆಮೇಲೆ ಬಂದವು ವೃತ್ತಿಪರರಿಗೆಂದೇ ಕಟ್ಟಿದ ದೊಡ್ಡ ಮ್ಯಾಕ್‌ಗಳು. 1987ರ ಮ್ಯಾಕಿಂಟಾಷ್ ಟೂ ಬಣ್ಣ ತಂದಿತು, ಒಂದಕ್ಕಿಂತ ಹೆಚ್ಚು ಪರದೆ ಜೋಡಿಸಲು ಬಿಟ್ಟಿತು. 1990ರ ಟೂ ಎಫ್‌ಎಕ್ಸ್ ಅಂದಿನ ಅತಿ ವೇಗದ ಮ್ಯಾಕ್: 40 ಮೆಗಾಹರ್ಟ್ಸ್ ಪ್ರೊಸೆಸರ್, ಆರು ವಿಸ್ತರಣಾ ಸ್ಲಾಟ್, ಬೆಲೆ 9,000–10,000 ಡಾಲರಿನ ಆಸುಪಾಸು. 1995ರ ಪವರ್ ಮ್ಯಾಕಿಂಟಾಷ್ 9500ರಲ್ಲಿ ಮೆಮೊರಿ ಕೂರಿಸಲು ಹನ್ನೆರಡು ಸ್ಲಾಟ್. 1999ರ ನೀಲಿ–ಬಿಳಿ ಜಿ3 ಗೋಪುರದ ಒಂದು ಮಗ್ಗುಲು ಕೊಂಡಿ ಎಳೆದರೆ ಬಾಗಿಲಿನಂತೆ ಕೆಳಗೆ ಬೀಳುತ್ತಿತ್ತು, ಮದರ್‌ಬೋರ್ಡ್ ಸಮೇತ. 2003ರ ಅಲ್ಯೂಮಿನಿಯಂ ಜಿ5ಕ್ಕೆ ಒಂಬತ್ತು ಫ್ಯಾನ್.

ಇಷ್ಟು ಬಲ ಏಕೆ ಬೇಕಿತ್ತು? ಎ4 ಅಳತೆಯ ಒಂದು ಬಣ್ಣದ ಚಿತ್ರವನ್ನು ಆಫ್‌ಸೆಟ್ ಮುದ್ರಣಕ್ಕೆ ಸಿದ್ಧಮಾಡುವ ಲೆಕ್ಕ ಹಾಕಿ ನೋಡಿ. ಅಂಗುಲಕ್ಕೆ 300 ಚುಕ್ಕಿಯಂತೆ ಅಡ್ಡಕ್ಕೆ 2,480, ಉದ್ದಕ್ಕೆ 3,508. ನಾಲ್ಕು ಕಲರಿಗೆ ಚುಕ್ಕಿಯೊಂದಕ್ಕೆ ನಾಲ್ಕು ಬೈಟ್. ಒಟ್ಟು ಸುಮಾರು 35 ಮೆಗಾಬೈಟ್. ಅಷ್ಟು ದುಬಾರಿಯ ಟೂ ಎಫ್‌ಎಕ್ಸ್ ಕೂಡ ಅಂಗಡಿಯಿಂದ ಬರುತ್ತಿದ್ದದ್ದು 4 ಮೆಗಾಬೈಟ್ ಮೆಮೊರಿಯೊಂದಿಗೆ. ಆ ಚಿತ್ರವನ್ನು ಊರಿಂದೂರಿಗೆ ಒಯ್ಯಲು ಸುಮಾರು 25 ಫ್ಲಾಪಿ ಬೇಕು. ಅದಕ್ಕೇ ಈ ವೃತ್ತಿಯವರ ಚೀಲದಲ್ಲಿ ಸೈಕ್ವೆಸ್ಟ್ ಕಾರ್ಟ್ರಿಜ್, ಆಮೇಲೆ 100 ಮೆಗಾಬೈಟಿನ ಜಿಪ್ ಡಿಸ್ಕ್ ಇರುತ್ತಿತ್ತು.

ಸಣ್ಣ ಊರಿನ ಡಿಟಿಪಿ ಅಂಗಡಿಗೆ ಈ ಬೆಲೆ ಎಟುಕುವಂಥದ್ದಲ್ಲ. ಬೀದರ್, ಭಾಲ್ಕಿ, ಔರಾದಿನ ಕಡೆ ಬೇರುಬಿಟ್ಟದ್ದು ಹೆಚ್ಚಾಗಿ ವಿಂಡೋಸ್ ಪಿಸಿ. ಪೇಜ್‌ಮೇಕರ್ 1987ರಲ್ಲೇ ವಿಂಡೋಸಿಗೂ ಬಂದಿತ್ತು. ಜತೆಗೆ ಕನ್ನಡ ಫಾಂಟುಗಳಿಗೆ ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ, ಬೆಂಗಳೂರಿನ ಆಕೃತಿ. ಉರ್ದುವಿಗೆ 1994ರ ಇನ್‌ಪೇಜ್. ಅದರ ನೂರಿ ನಸ್ತಾಲೀಖ್ ಅಕ್ಷರಗಳನ್ನು ಮಿರ್ಜಾ ಅಹಮದ್ ಜಮೀಲ್ ಅದಾಗಲೇ ಮೋನೋಟೈಪ್ ಯಂತ್ರಕ್ಕಾಗಿ, ಸಾವಿರಾರು ಜೋಡಕ್ಷರಗಳನ್ನು ಬರೆದು, 1981ರಲ್ಲಿ ಸಿದ್ಧಪಡಿಸಿದ್ದರು. ಡಬ್ಬ ಬೇರೆಯಾದರೂ ಕೆಲಸದ ಕ್ರಮ ಮ್ಯಾಕ್ ಕಲಿಸಿದ್ದೇ: ಮ್ಯಾಟರ್ ಕೂರಿಸು, ಪ್ರೂಫ್ ತೆಗೆ, ತಿದ್ದು, ಬಟರ್ ಪೇಪರ್ ಅಥವಾ ಫಿಲ್ಮ್ ತೆಗೆ, ಪ್ಲೇಟ್ ಮಾಡಿಸು.

ಮ್ಯಾಕ್ ಇರಲಿ, ಪಿಸಿ ಇರಲಿ, ಕನ್ನಡದ ಮುಂದೆ ಎರಡಕ್ಕೂ ಒಂದೇ ತೊಡಕು. ಅಂದಿನ ಫಾಂಟಿನಲ್ಲಿ ಇದ್ದದ್ದು 256 ಮನೆ. ಕೆಲವು ಯಂತ್ರದ ಸ್ವಂತ ಬಳಕೆಗೆ ಮೀಸಲು. ಕನ್ನಡದ 34 ವ್ಯಂಜನಗಳ ಕಾಗುಣಿತವೇ ನಾನೂರು ದಾಟುತ್ತದೆ, ಮೇಲೆ ಒತ್ತುಗಳು. ಅಷ್ಟಕ್ಕೂ ಮನೆಯಿಲ್ಲ. ಆದ್ದರಿಂದ ಫಾಂಟ್ ಮಾಡಿದವರು ಅಕ್ಷರಗಳನ್ನು ತುಂಡು ಮಾಡಿದರು. ‘ಕ’ದ ಮೈ ಒಂದು ಮನೆಯಲ್ಲಿ, ತಲೆಕಟ್ಟು ಇನ್ನೊಂದರಲ್ಲಿ. ‘ಕಿ’ ಇಡಿಯಾಗಿ ಒಂದು. ಅದರ ಪಕ್ಕ ದೀರ್ಘದ ಗುರುತು ಇಟ್ಟರೆ ‘ಕೀ’. ‘ಧರ್ಮ’ದಲ್ಲಿ ಉಚ್ಚಾರದಲ್ಲಿ ‘ಮ’ಕ್ಕಿಂತ ಮೊದಲು ಬರುವ ರೇಫ ಅರ್ಕಾವೊತ್ತಾಗಿ ಕಡೆಯಲ್ಲಿ ಕೂರುತ್ತಿತ್ತು. ಈ ತುಂಡುಗಳಿಗೆ ಕೊಟ್ಟ ಸಂಖ್ಯೆಗಳು ಮಾತ್ರ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳವು. ಯಂತ್ರದ ಮಟ್ಟಿಗೆ ಆ ಪುಟದಲ್ಲಿ ಕನ್ನಡವೇ ಇಲ್ಲ. ಫಾಂಟ್ ಹಾಕಿದಾಗಷ್ಟೇ ಕಣ್ಣಿಗೆ ಕನ್ನಡ.

ಬೀದರ್ ಸೀಮೆಗೆ ಈ ಉಪಾಯ ಹೊಸದಲ್ಲ. ನಿಜಾಮರ ಆಡಳಿತದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಪಟ್ಟದ್ದೇವರದು ಧೈರ್ಯ, ಫಾಂಟಿನವರದು ಜಾಣತನ. ಆದರೂ ಒಪ್ಪದ ವ್ಯವಸ್ಥೆಯೊಳಗೆ ಕನ್ನಡವನ್ನು ದಾಟಿಸಿದ ಬಗೆ ಒಂದೇ. ಕನ್ನಡಕ್ಕೆ ಯಂತ್ರದಲ್ಲಿ ಸ್ವಂತ ಮನೆ ಸಿಗುವ ತನಕ ನಮ್ಮ ಪುಸ್ತಕ, ಪತ್ರಿಕೆ, ಲಗ್ನಪತ್ರಿಕೆಗಳನ್ನು ಉಳಿಸಿದ್ದು ಈ ವೇಷ.

ವೇಷಕ್ಕೆ ಬೆಲೆಯೂ ಇತ್ತು. ಒಂದು ಕಂಪನಿಯ ಫಾಂಟಿನಲ್ಲಿ ತಲೆಕಟ್ಟಿದ್ದ ಮನೆಯಲ್ಲಿ ಇನ್ನೊಂದರಲ್ಲಿ ಒತ್ತು. ಬೆಂಗಳೂರಿಗೆ ಕಳಿಸಿದ ಫೈಲು ಅಲ್ಲಿ ಕಸವಾಗಿ ತೆರೆಯುತ್ತಿತ್ತು. ಹುಡುಕುವುದು, ಅಕಾರಾದಿಯಲ್ಲಿ ಜೋಡಿಸುವುದು ಆಗದ ಮಾತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಸರ್ಕಾರಿ ಶಿಷ್ಟತೆಯೊಂದಿಗೆ ಬಂದ ಮೇಲೆ ಮನೆಗಳ ಗೊಂದಲ ತಗ್ಗಿತು. ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರೂ ಬಲ್ಲಂತೆ ಕೆ.ಪಿ. ರಾವ್, ರೂಪಿಸಿದ ಧ್ವನಿಆಧಾರಿತ ಕೀಲಿಮಣೆ ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ಬರೆಯಿಸಿತು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಮನೆಮನೆಗೆ ಕನ್ನಡ ಒಯ್ದಿತು.

ಅಸಲಿ ಮನೆ, ಒಂದೊಂದು ಲಿಪಿಯ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಡುವ ಯೂನಿಕೋಡಿನದು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಕೇರಿ ಗೊತ್ತಾಗಿತ್ತು. ಆದರೆ ಕಾಗುಣಿತ–ಒತ್ತುಗಳನ್ನು ತಾನೇ ಜೋಡಿಸಿ ತೋರಿಸುವ ಬುದ್ಧಿ ಕಾರ್ಯಾಚರಣ ವ್ಯವಸ್ಥೆಗೆ ಬರಬೇಕಲ್ಲ? ವಿಂಡೋಸಿಗೆ ಅದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜತೆ ಬಂತು. ಮ್ಯಾಕ್ ತನ್ನದೇ ಕನ್ನಡ ಫಾಂಟ್ ತಂದದ್ದು 2011ರ ಲಯನ್ ಆವೃತ್ತಿಯಲ್ಲಿ. ವಿಚಿತ್ರವೆಂದರೆ, ಪವರ್‌ಪಿಸಿ ಪ್ರೊಸೆಸರಿನ ಕಾಲದ ತಂತ್ರಾಂಶಗಳನ್ನು ನಡೆಸುವ ಸೌಲಭ್ಯವನ್ನು ಆ್ಯಪಲ್ ತೆಗೆದುಹಾಕಿದ್ದೂ ಅದೇ ಲಯನ್‌ನಲ್ಲಿ. ಕನ್ನಡಕ್ಕೆ ಒಂದು ಬಾಗಿಲು ತೆರೆದ ದಿನವೇ ಹಳೆಯ ಕನ್ನಡ ಫೈಲುಗಳ ಬಾಗಿಲು ಮುಚ್ಚಿತು. ಅಡೋಬಿ 2023ರ ಜನವರಿಯಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಕಾಲದ ಟೈಪ್ ಒನ್ ಫಾಂಟುಗಳಿಗೂ ಬೆಂಬಲ ನಿಲ್ಲಿಸಿತು.

ಹೀಗಾಗಿ ಇಂದು ಹಳೆಯ ಮ್ಯಾಕ್ ಗೋಪುರಕ್ಕೆ, ಅದರ ಓರಗೆಯ ಪಿಸಿಗೆ ಇರುವ ಬೆಲೆ ಸಂಗ್ರಾಹಕರ ಖಯಾಲಿಗಿಂತ ದೊಡ್ಡದು. ಅಂದು ಅಚ್ಚಾದ ಪುಸ್ತಕ ಕಪಾಟಿನಲ್ಲಿ ಸಿಗಬಹುದು. ತಿದ್ದಿ ಮರುಮುದ್ರಿಸಬಲ್ಲ, ಹುಡುಕಬಲ್ಲ ಪ್ರತಿ ಈ ಫೈಲುಗಳಲ್ಲಿದೆ. ಸ್ಥಳೀಯ ಸ್ಮರಣ ಸಂಚಿಕೆ, ಮಠದ ಪ್ರಕಟಣೆ, ಜಾತ್ರೆಯ ಕರಪತ್ರಗಳಿಗಂತೂ ಬೇರೆ ಪ್ರತಿ ಸಿಗುವ ಭರವಸೆ ಕಡಿಮೆ.

ಇಂಥ ಯಂತ್ರವೊಂದು ಮುದ್ರಣಾಲಯದ ಅಟ್ಟದಲ್ಲಿದ್ದರೆ ತಕ್ಷಣ ಸ್ವಿಚ್ ಒತ್ತಬೇಡಿ. ಹಳೆಯ ಮ್ಯಾಕ್‌ಗಳ ಮದರ್‌ಬೋರ್ಡಿನ 3.6 ವೋಲ್ಟಿನ ಪುಟ್ಟ ಲಿಥಿಯಂ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ, ಕೆಪಾಸಿಟರುಗಳೂ ಸೋರುತ್ತವೆ. ಮೊದಲು ಅವನ್ನು ಬಲ್ಲವರಿಗೆ ತೋರಿಸಬೇಕು. ಯಂತ್ರ ಏಳದಿದ್ದರೂ ಹಾರ್ಡ್‌ಡಿಸ್ಕನ್ನು ಬಿಚ್ಚಿ ಬೇರೆಡೆ ಓದಿಸುವ ದಾರಿ ಇದೆ. ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳೂ ಇವೆ. ಒತ್ತು, ಅರ್ಕಾವೊತ್ತುಗಳಲ್ಲಿ ಅವು ಎಡವುವುದರಿಂದ ಪ್ರೂಫ್ ನೋಡುವ ಕಣ್ಣು ಬೇಕೇ ಬೇಕು.

ಇನ್ನೊಂದು ಎಚ್ಚರ. ಡಿಸ್ಕ್ ತೆರೆದ ಕೂಡಲೇ ಎಲ್ಲರ ಕೈ ಹೋಗುವುದು ಪುಸ್ತಕದ ಫೈಲುಗಳತ್ತ. ಅದಕ್ಕೂ ಮೊದಲು ಫಾಂಟುಗಳ ಫೋಲ್ಡರನ್ನು ಕಾಪಿ ಮಾಡಿಕೊಳ್ಳಬೇಕು. ಯಾವ ಸಂಖ್ಯೆಗೆ ಕನ್ನಡದ ಯಾವ ತುಂಡು ಎಂಬ ಲೆಕ್ಕ ಇರುವುದು ಫೈಲಿನಲ್ಲಲ್ಲ, ಫಾಂಟಿನಲ್ಲಿ. ಅದು ಉಳಿದರೆ ಫೈಲನ್ನು ನಾಳೆಯಾದರೂ ಓದಬಹುದು. ಅದು ಹೋದರೆ ಉಳಿಯುವುದು ಹೊರಗಿನ ಇಂಗ್ಲಿಷ್ ಮಾತ್ರ.