ದೇವರ ಪಟಗಳೂ ನೂತನ ಯಂತ್ರಕಲೆಯೂ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಕ್ಷೇತ್ರಕ್ಕೆ ಹೋಗಿಬಂದವರೆಲ್ಲರೂ ಅಲ್ಲಿಯ ಕನ್ನಡಿಯನ್ನು ಬಲ್ಲರು. ಗರ್ಭಗುಡಿಯಲ್ಲಿರುವುದು ಒಂದೇ ಶಿಲೆ. ಅದರ ಪೂರ್ವಮುಖದಲ್ಲಿ ಏಳು ಹೆಡೆಯ ನಾಗರೂಪಿಯಾದ ಸುಬ್ರಹ್ಮಣ್ಯನು, ಪಶ್ಚಿಮಮುಖದಲ್ಲಿ ನರಸಿಂಹನು. ಎದುರಿಗೆ ನಿಂತ ಭಕ್ತನಿಗೆ ಹಿಂಬದಿಯ ಮೂರ್ತಿಯು ಕಾಣದಾದುದರಿಂದ, ಹಿಂದೆ ಕನ್ನಡಿಯೊಂದನ್ನಿಟ್ಟು ಎರಡು ದರ್ಶನಗಳನ್ನೂ ಒಂದೇ ನೋಟಕ್ಕೆ ಒದಗಿಸಿದ್ದಾರೆ. ಈ ಉಪಾಯದಿಂದ ಯಾರ ಭಕ್ತಿಗೂ ಲೋಪ ಬಂದಿಲ್ಲ. ಏಕೆಂದರೆ ಅದು ಕನ್ನಡಿಯೆಂಬುದನ್ನು ಯಾರೂ ಮುಚ್ಚಿಟ್ಟಿಲ್ಲ. ಗಣಕಯಂತ್ರದ ಮೇಲೆ ಈಗ ರಚಿತವಾಗುತ್ತಿರುವ ದೇವರ ಪಟಗಳ ವಿಷಯವಾಗಿ ಎರಡು ಮಾತುಗಳನ್ನು ಹೇಳಹೊರಟ ನಮಗೆ ಈ ಕನ್ನಡಿಯೇ ಮೊದಲು ಜ್ಞಾಪಕಕ್ಕೆ ಬಂದಿತು.

ಈ ಕೆಲಸದ ರೀತಿಯನ್ನು ಅರಿಯದ ವಾಚಕರಿಗಾಗಿ ಅದನ್ನು ಸಂಕ್ಷೇಪವಾಗಿ ತಿಳಿಸುತ್ತೇವೆ. ಚಿತ್ರಗಾರನು ಮೊದಲು ದೇವತೆಯ ನಿಲುವನ್ನೂ ಮುಖಭಾವವನ್ನೂ ಗೆರೆಗಳಲ್ಲಿ ಬರೆದುಕೊಳ್ಳುವನು. ಅನಂತರ ಬಂಡೆಯ ಮೈ, ಮರದ ತೊಗಟೆ, ಹಾವಿನ ಪೊರೆ, ಕಂಚಿನ ಕಿಲುಬು, ರೇಷ್ಮೆಯ ಹೊಳಪು, ಮನುಷ್ಯನ ಚರ್ಮ, ಇವುಗಳ ಛಾಯಾಚಿತ್ರಗಳನ್ನು ಕೂಡಹಾಕುವನು. ಇಂಥ ಮೈಗಳಿಗೆ ಆ ಕಸುಬಿನವರು ಟೆಕ್ಸ್ಚರ್ ಎಂದು ಹೆಸರಿಟ್ಟಿದ್ದಾರೆ. 1990ರಲ್ಲಿ ಹೊರಬಂದ ಫೋಟೋಶಾಪ್ ಮೊದಲಾದ ಸಾಧನಗಳಿಂದ ಇವುಗಳನ್ನು ಒಂದರ ಮೇಲೊಂದು ಪದರವಾಗಿ ಹೊದಿಸಬಹುದು. ಬಂಡೆಯ ಪದರದ ಬಿಳುಪೆಲ್ಲವೂ ಕರಗಿ, ಅದರ ಬಿರುಕುಗಳ ಕಪ್ಪು ಮಾತ್ರ ಕೆಳಗಿನ ಮೈಬಣ್ಣದ ಮೇಲೆ ಉಳಿಯುವಂತೆ ಮಾಡಬಹುದು. ಬೇಡವಾದ ಭಾಗಕ್ಕೆ ಮರೆಯಿಡಬಹುದು. ಆದರೆ ಬೆಳಕು ಮಾತ್ರ ಎಲ್ಲ ತುಂಡುಗಳ ಮೇಲೂ ಒಂದೇ ದಿಕ್ಕಿನಿಂದ ಬಿದ್ದಿರತಕ್ಕದ್ದು. ಕೇಸರವು ಬೆಳಗಿನ ಬಿಸಿಲಿನದಾಗಿ, ತೋಳು ದೀಪದ ಬೆಳಕಿನದಾದರೆ, ನರಸಿಂಹನು ತೇಪೆ ಹಾಕಿದ ಬೊಂಬೆಯಂತೆ ತೋರುವನು. ಇದರಲ್ಲಿ ಶ್ರಮವೂ ಉಂಟು, ಕಣ್ಣೂ ಬೇಕು. ಇದನ್ನು ಕಲೆಯಲ್ಲವೆಂದು ತಳ್ಳಿಹಾಕುವವರ ಪಕ್ಷಕ್ಕೆ ನಾವು ಸೇರಲಾರೆವು.

ಕೂಡಿಸಿ ಕಟ್ಟುವುದು ನಮ್ಮಲ್ಲಿ ಹೊಸದೂ ಅಲ್ಲ. ಮೈಸೂರಿನ ಸಂಪ್ರದಾಯದ ಚಿತ್ರಗಾರರು ಕಿರೀಟ ಆಭರಣಗಳನ್ನು ಲೇಪದಿಂದ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಹಚ್ಚಿದರು. ಬಣ್ಣದಿಂದ ಚಿನ್ನವನ್ನು ನಟಿಸದೆ ಚಿನ್ನವನ್ನೇ ತಂದಿಟ್ಟರು. 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದ ರಾಜಾ ರವಿವರ್ಮರು ಲಕ್ಷ್ಮೀಸರಸ್ವತಿಯರನ್ನು ಬಡವರ ಗೋಡೆಗೂ ತಲುಪಿಸಿದರು. ಆ ಪಟಗಳ ಮೇಲೆ ಗೃಹಿಣಿಯರು ಜರಿ, ಬಟ್ಟೆ, ಮಣಿಗಳನ್ನು ಅಂಟಿಸಿ ದೇವಿಗೆ ಸೀರೆಯುಡಿಸಿದರು. ಇಂದಿನ ಯುವಕನು ಯಂತ್ರದಲ್ಲಿ ಮಾಡುತ್ತಿರುವುದನ್ನು ಆ ತಾಯಂದಿರು ಕತ್ತರಿ ಅಂಟುಗಳಿಂದಲೇ ಮಾಡಿದ್ದರು.

ಹೀಗಿರಲು ನಮ್ಮ ಆಕ್ಷೇಪಣೆ ಯಾವುದೆಂದು ಕೇಳಬಹುದು. ಈ ಪಟಗಳ ಮೈಯು ಎಲ್ಲಿಯದು ಎಂಬುದೇ ನಮ್ಮ ಪ್ರಶ್ನೆ. ದೇಶಾಂತರದ ಚಿತ್ರಭಂಡಾರಗಳಲ್ಲಿ ಬೆಲೆಗೆ ದೊರೆಯುವ ಉಕ್ಕಿನ ಕವಚವನ್ನು ರಾಮನಿಗೆ ತೊಡಿಸಿ, ವ್ಯಾಯಾಮಶಾಲೆಯ ತೋಳುಗಳನ್ನು ಶಿವನಿಗೆ ಜೋಡಿಸಿ, ಹಿಂದೆ ಹಿಮವನ್ನೂ ಹೊಗೆಯನ್ನೂ ತುಂಬಿದರೆ, ಉಳಿಯುವುದು ವಿದೇಶೀ ಚಲಚ್ಚಿತ್ರದ ನಾಯಕನೇ ಹೊರತು ನಮ್ಮ ದೇವರಲ್ಲ. ಮಾತನ್ನು ಹೇಳಿದೊಡನೆ ಪಟವನ್ನು ತಾನೇ ಹೆಣೆದುಕೊಡುವ ಕೃತಕಬುದ್ಧಿಯು ಬಂದಮೇಲೆ ಈ ದೋಷವು ಇಮ್ಮಡಿಯಾಗಿದೆ. ಯಂತ್ರವು ಹೆಚ್ಚಾಗಿ ಕಂಡುದನ್ನೇ ಹೆಚ್ಚಾಗಿ ಕೊಡುವುದು. ಒಂದು ಪಟಕ್ಕೆ ಇರುವ ಬಲವಾದರೂ ಅಲ್ಪವಲ್ಲ. ಕಾಸರಗೋಡು ಸೀಮೆಯ ಕುಂಬಳೆಯವರಾದ ಕರಣ್ ಆಚಾರ್ಯರು 2015ರಲ್ಲಿ ತಮ್ಮೂರಿನ ಗೆಳೆಯರ ಬಾವುಟಕ್ಕೆಂದು ಗಣಕಯಂತ್ರದಲ್ಲಿ ಬರೆದ ಹನುಮಂತನ ಮುಖವು, ಕೇಸರಿ ಕಪ್ಪುಗಳೆರಡೇ ಬಣ್ಣಗಳಲ್ಲಿದ್ದರೂ, ಕೆಲವೇ ವರ್ಷಗಳಲ್ಲಿ ದೇಶದ ವಾಹನಗಳ ಗಾಜುಗಳನ್ನೆಲ್ಲ ಆವರಿಸಿತು. ಸಂಜೀವಿನಿಯನ್ನು ಹೊತ್ತ ಸೇವಕನ ಮುಖಕ್ಕಿಂತ ಆ ಗಂಟುಹುಬ್ಬಿನ ಮುಖವೇ ಇಂದಿನ ಅನೇಕ ಬಾಲಕರಿಗೆ ಪರಿಚಿತವಾದದ್ದು. ಒಬ್ಬನ ಕೈಗೆರೆಯು ಒಂದು ತಲೆಮಾರಿನ ಧ್ಯಾನವನ್ನೇ ತಿದ್ದಬಲ್ಲುದಾದರೆ, ಬರೆಯುವವನ ಹೊಣೆಯು ಎಷ್ಟೆಂಬುದನ್ನು ವಾಚಕರೇ ಊಹಿಸಲಿ.

ನಮ್ಮ ಸೀಮೆಗೇನು ಮೈಗಳ ಬಡತನವುಂಟೆ? ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬಂಡೆಗೆ ಮಳೆಬಿಸಿಲುಗಳು ಬರೆದ ಗೆರೆಗಳಿಗಿಂತ ಒಳ್ಳೆಯ ಚರ್ಮವು ಗಂಗಾಧರನಿಗೆ ಬೇರೆಲ್ಲಿ ದೊರಕೀತು? ದೇವನಹಳ್ಳಿಯ ಕೋಟೆಯೊಳಗಣ ವೇಣುಗೋಪಾಲಸ್ವಾಮಿಯ ಗುಡಿಯ ಗೋಡೆಗಳಲ್ಲಿ ರಾಮಾಯಣದ ಪ್ರಸಂಗಗಳೂ ಕೃಷ್ಣನ ಬಾಲಲೀಲೆಗಳೂ ಸಾಲುಗೊಂಡಿವೆ. ಆಯುಧ ಹಿಡಿಯುವ ಬಗೆ, ಉಡುಗೆಯ ನೆರಿಗೆಗಳನ್ನು ಅಲ್ಲಿಯೇ ಕಲಿಯಬಹುದು. ದೊಡ್ಡಬಳ್ಳಾಪುರದ ಮಗ್ಗಗಳಿಂದ ಪ್ರತಿದಿನವೂ ಇಳಿಯುವ ಸೀರೆಗಳಿರುವಾಗ ಪಾರ್ವತಿಗೆ ಸಾಲದ ಬಟ್ಟೆಯೇಕೆ? ಯಾವ ದೇವತೆಗೆ ಯಾವ ವರ್ಣ, ಯಾವ ವಾಹನ ಎಂಬುದಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯೇ ಇರುವುದು. ನೇಕಾರನ ಬಟ್ಟೆಯನ್ನೋ ಹಳ್ಳಿಯ ಮುದುಕನ ಮುಖವನ್ನೋ ಪಟಕ್ಕೆ ಬಳಸುವವನು ಅವರ ಒಪ್ಪಿಗೆಯನ್ನು ಪಡೆದು, ಆದಾಯದಲ್ಲಿ ಪಾಲನ್ನೂ ಕೊಡತಕ್ಕದ್ದು. ಗರ್ಭಗುಡಿಯಲ್ಲಿ ಛಾಯಾಚಿತ್ರವನ್ನು ನಿಷೇಧಿಸಿರುವೆಡೆ ಕಳ್ಳತನದಿಂದ ತೆಗೆಯಲಾಗದು.

ಇನ್ನೊಂದು ಅಪಾಯವು ಇದಕ್ಕಿಂತ ಗುರುತರವಾದುದು. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠಿತನಾದ ಬಾಲರಾಮನನ್ನು ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜರು ಕೃಷ್ಣಶಿಲೆಯಲ್ಲಿ ಕಡೆದರು. ಅದರ ಹಿಂದೆಯೇ, ಆ ಮೂರ್ತಿಯ ಛಾಯಾಚಿತ್ರಕ್ಕೆ ಯಂತ್ರದಿಂದ ಕಣ್ಣುಮಿಟುಕಿಸಿದ ಚಲಚ್ಚಿತ್ರವು ಮೊಬೈಲುಗಳಲ್ಲಿ ಹರಿದಾಡಿತು. ಅದನ್ನು ಚಮತ್ಕಾರವಾದ ಚಿತ್ರವೆಂದು ನೋಡಿ ಸಂತೋಷಿಸಿದವರಲ್ಲಿ ತಪ್ಪಿಲ್ಲ. ನಿಜವಾದ ಪವಾಡವೆಂದು ಹಂಚಿದವರು ಸರಳ ಭಕ್ತರನ್ನು ವಂಚಿಸಿದರು. ಛಾಯಾಚಿತ್ರದ ಮೈಯು ಕಣ್ಣಿಗೆ ಸಾಕ್ಷಿಯಂತೆ ತೋರುವುದರಿಂದಲೇ ಈ ಮೋಸವು ಸುಲಭವಾಗಿರುವುದು. ಕಲ್ಲನ್ನು ಮೂರ್ತಿಯನ್ನಾಗಿಸಿದ ಕೈಗಳ ಶ್ರಮವೂ ಇಂಥ ಕಪಟದ ಹೊಳಪಿನಲ್ಲಿ ಮರೆಯಾಗುವುದು.

ಆದುದರಿಂದ ನಮ್ಮ ತರುಣ ಚಿತ್ರಗಾರರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಪಟದ ಅಂಚಿನಲ್ಲಿ ನಿಮ್ಮ ಹೆಸರನ್ನು ಬರೆಯಿರಿ, ಇದು ಕೂಡಿಸಿ ಕಟ್ಟಿದ ಚಿತ್ರವೆಂದು ಬರೆಯಿರಿ, ಯಾವ ಊರಿನ ಕಲ್ಲು, ಯಾವ ಮಗ್ಗದ ಬಟ್ಟೆ ಎಂಬುದನ್ನೂ ಬರೆಯಿರಿ. ಜಾತ್ರೆಯಂಗಡಿಯಲ್ಲಿ ಅಂಥ ಪಟವನ್ನು ಕೊಂಡ ರೈತನು ತನ್ನ ಸೀಮೆಯ ಬಂಡೆಯನ್ನೇ ದೇವರ ಮೈಯಲ್ಲಿ ಗುರುತಿಸಿ ಕೈಮುಗಿಯುವನು. ಘಾಟಿಯ ಕನ್ನಡಿಯು ದೇವರನ್ನು ತೋರಿಸುವುದೇ ಹೊರತು ತಾನೇ ದೇವರೆಂದು ಹೇಳಿಕೊಳ್ಳುವುದಿಲ್ಲ. ಯಂತ್ರಕಲೆಯೂ ಅಷ್ಟು ಪ್ರಾಮಾಣಿಕವಾಗಿರಲಿ ಎಂಬುದೇ ನಮ್ಮ ಆಶಯ.